ಹೇಳಿದ್ದನ್ನೇ ಬರೆದೆ

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ಹಿರಿಯ ರೈಟರ್ ಒಬ್ಬರಿದ್ದಾರೆ, ಮಾತಾಡಿಸಿಕೊಂಡು ಬಾ ಎಂದು ಸಂಪಾದಕರು ಕಳಿಸಿದಾಗ ವರದಿಗಾರ ಒಂದು ಶಾಲು, ಅರ್ಧ ಡಜನ್ ಕಿತ್ತಳೆ ಹಣ್ಣು ಹಿಡಿದುಕೊಂಡೇ ಹೊರಟ. ಹಿರಿಯರು ಸಿಕ್ಕಿದ್ದು ಪ್ಲಾಸ್ಟಿಕ್ ಬುಟ್ಟಿಯೊಳಗೆ, ಸತ್ತ ಮೌಸುಗಳ ಕೆಳಗೆ. ಒಂದು ಕಾಲಕ್ಕೆ ಬೆಳ್ಳಗಿದ್ದಿರಬಹುದಾದ ಮುಖ ಈಗ ಹಳೇ ಪಂಚಾಂಗದ ಬಣ್ಣ. ಹಣೆಯ ಮೇಲೆ '52ಎಕ್ಸ್' ಎಂಬ ಬಿರುದು, ಬೆನ್ನಿಗೆ 40 ಪಿನ್ನಿನ ಐಡಿಇ ಸಾಕೆಟ್ಟು. ಅದು ಸೀಡಿ ರೈಟರ್.

"ಸುಮ್ಮನೆ ಕೇಳಿದ್ರೆ ಬಾಯಿ ಬಿಡಲ್ಲ ಸಾರ್" ಎಂದ ಅಂಗಡಿಯವನು. ಪೇಪರ್ ಕ್ಲಿಪ್ಪೊಂದನ್ನು ನೆಟ್ಟಗೆ ಮಾಡಿ, ಮುಖದ ಮೇಲಿನ ಸಣ್ಣ ತೂತಿಗೆ ಚುಚ್ಚಿ ಒತ್ತಿದ. ಕಟ್ ಎಂದಿತು. ಟ್ರೇ ಬೆರಳಿನಷ್ಟು ಹೊರಬಂತು. ಉಳಿದದ್ದನ್ನು ಕೈಯಲ್ಲೇ ಎಳೆಯಬೇಕಾಯಿತು. ಒಳಗೆ ಯಾವುದೋ ಕಾಲದ ಒಂದು ಎಳೆ ಕೂದಲು.

"ನಮಸ್ಕಾರ ಯಜಮಾನ್ರೇ. ತಮ್ಮ ಮುಖ್ಯ ಕೃತಿಗಳು ಯಾವುವು?"

"ಹೆಚ್ಚಿನವು ತ್ಯಾಗರಾಜರದ್ದು. ಒಂದಷ್ಟು ದೀಕ್ಷಿತರದ್ದು."

ಶಾಲು ಹೊದಿಸಲು ಎತ್ತಿದ್ದ ವರದಿಗಾರನ ಕೈ ಅಲ್ಲೇ ನಿಂತಿತು. ಕೃತಿಚೌರ್ಯದ ಮೇಲೆ ಎರಡು ಪ್ರಶ್ನೆ ಬರೆದುಕೊಂಡಿದ್ದನಂತೆ, ಅವನ್ನು ಹೊಡೆದುಹಾಕಿದ.

"ರೈಟರ್ ಅಂದ್ರೆ ಸಾಹಿತಿ ಅಂದ್ಕೊಂಡ್ಯಾ? ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಪತ್ರ ಬರಹಗಾರ ಕೂತಿರ್ತಾನಲ್ಲ ತಮ್ಮಾ, ನಂದೂ ಅದೇ ಕಸುಬು. ಸೈಟು ಯಾರದ್ದು, ಮಾರೋನು ಯಾರು, ಸಾಕ್ಷಿ ನಿಜವೋ ಸುಳ್ಳೋ ನನಗೆ ಬೇಡ. ಹೇಳಿದ್ದನ್ನ ಬರೀತೀನಿ. ತಪ್ಪಾದ್ರೆ ಮಾತ್ರ ಎಲ್ಲರೂ ನನ್ನೇ ಬೈತಾರೆ."

ಬರೆಯುವ ಬಗೆಯನ್ನೂ ಅವರೇ ವಿವರಿಸಿದರು. ಶಾಯಿ ಇಲ್ಲ, ಲೇಖನಿ ಇಲ್ಲ. ಪಾಲಿಕಾರ್ಬೊನೇಟ್ ತಟ್ಟೆಯ ಮೇಲೆ ಬಳಿದ ಬಣ್ಣದ ತೆಳು ಪದರವನ್ನು 780 ನ್ಯಾನೊಮೀಟರಿನ ಲೇಸರಿನಿಂದ ಚುಕ್ಕೆ ಚುಕ್ಕೆಯಾಗಿ ಕಾಯಿಸುವುದು, ಅಷ್ಟೆ. ಕಾದ ಜಾಗ ಮಂಕು, ಬಿಟ್ಟ ಜಾಗ ಹೊಳಪು. ಸುರುಳಿ ಶುರುವಾಗುವುದು ನಡುವಿನಿಂದ, ಸಾಗುವುದು ಅಂಚಿನ ಕಡೆಗೆ. ಸುರುಳಿಯ ಒಂದು ಸಾಲಿಗೂ ಪಕ್ಕದ ಸಾಲಿಗೂ 1.6 ಮೈಕ್ರಾನ್ ಅಂತರ. ಕಾಟು ಹೊಡೆದು ತಿದ್ದುವ ಸೌಕರ್ಯ ಇಲ್ಲ. (ಸೀಡಿ-ಆರ್‌ನ ಈ ನಿಯಮವನ್ನು ಕನ್ನಡದ ಕೆಲವು ಲೇಖಕರಿಗೂ ಅನ್ವಯಿಸಿದ್ದರೆ ಅವರು ಇನ್ನಷ್ಟು ಯೋಚಿಸಿ ಬರೆಯುತ್ತಿದ್ದರು ಎಂದು ವರದಿಗಾರನಿಗೆ ಅನ್ನಿಸಿತು. ಅವನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ.)

ಮಾತು ಹಳೆಯ ಮಾಲೀಕನ ಕಡೆ ಹೊರಳಿತು. ಮಲ್ಲೇಶ್ವರದ ಎಂಜಿನಿಯರು, ಕಟ್ಟಾ ಲಿನಕ್ಸ್ ಭಕ್ತ. 2003ರಲ್ಲಿ ಅವನ ಸ್ನೇಹಿತನೊಬ್ಬ ಎರಡೂವರೆ ಗಂಟೆಯ ಸಂಗೀತ ಕಛೇರಿಯನ್ನು ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಿ, ಎಂಪಿ3 ಮಾಡಿ ಕೊಟ್ಟ. ಶಿವಮೊಗ್ಗದಲ್ಲಿದ್ದ ಅಪ್ಪನಿಗೆ ಅದನ್ನು ಸೀಡಿ ಮಾಡಿ ಕಳಿಸಬೇಕು. ಎಷ್ಟರ ಕೆಲಸ?

"ಆರು ತಟ್ಟೆ ಹಾಳಾದ ಕೆಲಸ" ಎಂದರು ರೈಟರ್ ಸಾಹೇಬರು.

ಮೊದಲ ತಟ್ಟೆಗಿಂತ ಮೊದಲೇ ತಾಪತ್ರಯ. ಲಿನಕ್ಸಿನ ಆ ಕಾಲದ 2.4 ಕರ್ನಲ್ಲಿನಲ್ಲಿ ಬರೆಸುವ ಕೆಲಸ ಜರ್ಮನಿಯ ಯೋರ್ಗ್ ಶಿಲ್ಲಿಂಗ್ ಬರೆದ 'ಸೀಡಿರೆಕಾರ್ಡ್' ಎಂಬ ತಂತ್ರಾಂಶದ್ದು. ಅದು ಮಾತಾಡುತ್ತಿದ್ದದ್ದು ಸ್ಕಸಿ ಎಂಬ ಬೇರೊಂದು ಜೋಡಣೆಯ ಭಾಷೆ ಬಲ್ಲ ಡ್ರೈವುಗಳ ಜೊತೆ ಮಾತ್ರ. "ನಾನು ಹುಟ್ಟಿದ್ದು ಐಡಿಇ ಮನೆಯಲ್ಲಿ. ಸ್ಕಸಿ ಮನೆಯವನು ಅಂತ ಪ್ರಮಾಣಪತ್ರ ತರಬೇಕಿತ್ತು. 'ಐಡಿಇ-ಸ್ಕಸಿ' ಅನ್ನೋ ಮಾಡ್ಯೂಲು ಆ ಪ್ರಮಾಣಪತ್ರ ಕೊಡ್ತಿತ್ತು. ಬೂಟ್ ಲೋಡರಿನಲ್ಲಿ ಒಂದು ಸಾಲು ಸೇರಿಸಿ, ಮೆಷೀನ್ ರೀಸ್ಟಾರ್ಟ್ ಮಾಡಿದ ಮೇಲೆ ನನ್ನ ಹೆಸರು ಎಚ್‌ಡಿಸಿ ಹೋಗಿ ಸೊನ್ನೆ ಕಾಮಾ ಸೊನ್ನೆ ಕಾಮಾ ಸೊನ್ನೆ ಆಯ್ತು."

"ಬೇಸರವಾಗಲಿಲ್ಲವೇ?"

"ಮೂರು ಸೊನ್ನೆ ತಮ್ಮಾ. ಒಂದಿದ್ರೆ ಸಾಕಿತ್ತು."

ಡ್ರೈವ್ ಸಿಕ್ಕಿತು, ಆದರೆ ಹಾಡು ತೆರೆಯಲಿಲ್ಲ. ಮಾಲೀಕ ಹಾಕಿಕೊಂಡಿದ್ದದ್ದು 2002ರ ರೆಡ್ ಹ್ಯಾಟ್ ಲಿನಕ್ಸ್ 8.0. ಪೇಟೆಂಟಿನ ಅಂಜಿಕೆಯಿಂದ ಆ ಆವೃತ್ತಿಯಲ್ಲಿ ಎಂಪಿ3 ಬಿಚ್ಚುವ ಸೌಲಭ್ಯವನ್ನೇ ತೆಗೆದುಹಾಕಿದ್ದರು. ಎಂಪಿ3 ಪೇಟೆಂಟಿನ ಪರವಾನಗಿ ಕಾರ್ಯಕ್ರಮಕ್ಕೆ ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ ತೆರೆ ಎಳೆದದ್ದು 2017ರಲ್ಲಿ. ಅಲ್ಲಿಯವರೆಗೆ ಲಿನಕ್ಸಿಗೆ ಹೊಸಬರಾದವರೆಲ್ಲ 'ಹಾಡು ಯಾಕೆ ಬರ್ತಿಲ್ಲ' ಎಂದು ಸ್ಪೀಕರಿನ ವೈರು ಅಲುಗಾಡಿಸಿ ನೋಡಿದವರೇ. ಸೀಡಿ ಬರೆಸುವ ಕೆ3ಬಿಯಂಥ ಚೆಂದದ ತಂತ್ರಾಂಶಕ್ಕೂ ಎಂಪಿ3 ಪ್ಲಗಿನ್ನನ್ನು ಬೇರೆ ಕಡೆಯಿಂದ ತಂದು ಸೇರಿಸಬೇಕಿತ್ತು. (ಕೆ3ಬಿ ಎಂದರೆ 'ಕೆಡಿಇ ಬರ್ನ್ ಬೇಬಿ ಬರ್ನ್'. ಮೂರು 'ಬಿ'ಗಳ ಲೆಕ್ಕ ಅದು.)

ತಾಳ್ಮೆಗೆಟ್ಟ ಎಂಜಿನಿಯರು ಅಡ್ಡದಾರಿ ಹಿಡಿದ. ಎಂಪಿ3 ಫೈಲನ್ನೇ ನೇರವಾಗಿ ಸೀಡಿರೆಕಾರ್ಡಿಗೆ ಕೊಟ್ಟು, ಇದು ಆಡಿಯೊ, ಬರಿ ಎಂದ. ವೇವ್ ಅಥವಾ ಅಂಥದ್ದೇ ತಲೆಬರಹ ಇಲ್ಲದ ಫೈಲನ್ನು ಅದು ಕಚ್ಚಾ ಧ್ವನಿಯೆಂದೇ ನಂಬುತ್ತಿತ್ತು. ನಾಲ್ಕು ನಿಮಿಷದ ಹಾಡು 22 ಸೆಕೆಂಡಿನ ಗರಗರ ಸದ್ದಾಗಿ ಹೊರಬಂತು.

"ಸಂಡಿಗೆ ಗೊತ್ತಲ್ಲ?" ಎಂದರು ಹಿರಿಯರು, ಇದ್ದಕ್ಕಿದ್ದಂತೆ.

ವರದಿಗಾರನಿಗೆ ಸಂಡಿಗೆ ಗೊತ್ತಿತ್ತು.

"ಎಂಪಿ3 ಅಂದ್ರೆ ಒಣಗಿಸಿ ಡಬ್ಬಿಗೆ ತುಂಬಿದ ಸಂಡಿಗೆ. ಡಬ್ಬಿಯಲ್ಲಿ ಹಿಡಿಯಷ್ಟು. ಎಣ್ಣೆಗೆ ಬಿಟ್ರೆ ತಟ್ಟೆ ತುಂಬ. 128 ಕಿಲೋಬಿಟ್ಟಿನ ನಾಲ್ಕು ನಿಮಿಷದ ಹಾಡು ಡಬ್ಬಿಯಲ್ಲಿ 4 ಎಂಬಿಗಿಂತ ಕಡಿಮೆ. ಅರಳಿಸಿದ್ರೆ 42 ಎಂಬಿ. ಆಡಿಯೊ ಸೀಡಿಗೆ ಬೇಕಾದ್ದು ಅರಳಿದ್ದು: ಸೆಕೆಂಡಿಗೆ 44,100 ಮಾದರಿ, 16 ಬಿಟ್ಟು, ಎಡಕ್ಕೊಂದು ಬಲಕ್ಕೊಂದು. 1980ರಲ್ಲಿ ಫಿಲಿಪ್ಸ್, ಸೋನಿ ಸೇರಿ 'ರೆಡ್ ಬುಕ್'ನಲ್ಲಿ ಬರೆದಿಟ್ಟದ್ದು. ಸೆಕೆಂಡಿಗೆ 75 ತುತ್ತು, ತುತ್ತಿಗೆ 2,352 ಬೈಟು. ಈ ಮಹಾರಾಯ ಕರಿಯದ ಸಂಡಿಗೇನೇ ಬಡಿಸಿದ. ಹಲ್ಲು ಮುರೀದೆ ಇನ್ನೇನು?"

ಒಣಗಿಸುವಾಗ ಹೋದ ಹದ ಕರಿದರೂ ವಾಪಸ್ ಬರುವುದಿಲ್ಲ ಎಂದೂ ಸೇರಿಸಿದರು. ಎಂಪಿ3ಯನ್ನು ಆಡಿಯೊ ಸೀಡಿ ಮಾಡಿದರೆ ಜಾಗ ಹತ್ತು ಪಟ್ಟು ಹೆಚ್ಚುತ್ತದೆ, ಗುಣಮಟ್ಟ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಸೀಡಿ ಕ್ವಾಲಿಟಿ ಎಂದು ಬೀಗುತ್ತಿದ್ದ ಆ ಕಾಲದ ಹುಡುಗರಿಗೆ ಇದನ್ನು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಎರಡನೇ ತಟ್ಟೆಗೆ ಅವನು ಎಂಪಿ3ಗಳನ್ನು ದತ್ತಾಂಶವಾಗಿಯೇ ಬರೆಸಿದ. ಬರವಣಿಗೆ ಚೊಕ್ಕವಾಗಿ ಮುಗಿಯಿತು, ತಟ್ಟೆ ಶಿವಮೊಗ್ಗಕ್ಕೆ ಹೋಯಿತು. ಅಪ್ಪನ ಪ್ಲೇಯರು ಎಂಪಿ3 ಹುಟ್ಟುವ ಮೊದಲಿನದ್ದು. ತಟ್ಟೆಯನ್ನು ಎರಡು ಸುತ್ತು ತಿರುಗಿಸಿ ನೋಡಿ ಸುಮ್ಮನಾಯಿತು. ಅಪ್ಪ ಅದನ್ನು ಹಿತ್ತಲ ಸಪೋಟ ಗಿಡಕ್ಕೆ ದಾರದಲ್ಲಿ ಕಟ್ಟಿದರು. ಗಿಳಿ ಬರುವುದು ಕಡಿಮೆಯಾಯಿತೆಂದು ಫೋನಿನಲ್ಲಿ ಹೇಳಿದರು, ಇನ್ನೆರಡು ಕಳಿಸು ಎಂದೂ.

ಆಮೇಲೆ ದಾರಿಗೆ ಬಂದ. ಎಂಪಿಜಿ123 ಹಾಕಿ, ಎಂಪಿ3ಯನ್ನು ಬಿಚ್ಚಿ ವೇವ್ ಫೈಲು ಮಾಡಿ ಕೊಟ್ಟ. ಸೀಡಿರೆಕಾರ್ಡ್ ಒಂದೇ ಮಾತು ಹೇಳಿತು: ಇನ್‌ಅಪ್ರೋಪ್ರಿಯೇಟ್ ಆಡಿಯೊ ಕೋಡಿಂಗ್.

"ಹಾಗಂದ್ರೆ?"

"ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕ್ರಮಬದ್ಧವಾಗಿಲ್ಲ ಅಂತ ಹಿಂಬರಹ ಕೊಡ್ತಾರಲ್ಲ, ಅದು. ಯಾವ ಕ್ರಮ, ಎಲ್ಲಿ ತಪ್ಪಿದೆ ಅಂತ ಕೇಳಿದ್ರೆ ಸಾಹೇಬ್ರು ಮೀಟಿಂಗಲ್ಲಿ."

ತಪ್ಪಿದ್ದದ್ದು ಇಲ್ಲಿ: ಲ್ಯಾಪ್‌ಟಾಪಿನ ಸೌಂಡ್ ಚಿಪ್ಪು ಕಛೇರಿಯನ್ನು ಹಿಡಿದಿಟ್ಟದ್ದು ಸೆಕೆಂಡಿಗೆ 48,000 ಮಾದರಿಯಲ್ಲಿ. ಸೀಡಿಗೆ ಬೇಕಿದ್ದದ್ದು 44,100. 'ಸಾಕ್ಸ್' ಎಂಬ ಪುಟ್ಟ ತಂತ್ರಾಂಶಕ್ಕೆ ಒಂದು ಸಾಲು ಬರೆದಿದ್ದರೆ ಪರಿವರ್ತಿಸಿ ಕೊಡುತ್ತಿತ್ತು. ಎಂಜಿನಿಯರು ಹಾಗೆ ಮಾಡದೆ, ತಕರಾರು ತೆಗೆದ ತಲೆಬರಹವನ್ನೇ ಕಿತ್ತುಹಾಕಿ, ಕಚ್ಚಾ ಫೈಲು ಮಾಡಿ, ಬೈಟುಗಳ ಹಿಂದುಮುಂದನ್ನೂ ಸರಿಪಡಿಸಿ, ಈಗೇನ್ಮಾಡ್ತೀಯೋ ನೋಡೋಣ ಎಂದು ಬರೆಸಿದ. ತಲೆಬರಹವಿಲ್ಲದ ಫೈಲಿಗೆ ಯಾರೂ ದಾಖಲೆ ಕೇಳುವುದಿಲ್ಲ. ಬರವಣಿಗೆ ಸಲೀಸಾಗಿ ಮುಗಿಯಿತು.

ಶಿವಮೊಗ್ಗದಿಂದ ಫೋನ್ ಬಂತು. "ಪಾಪ, ಅವತ್ತು ಇವರಿಗೆ ನೆಗಡಿ ಆಗಿತ್ತೇನೋ?" ಎಂದರಂತೆ ಅಪ್ಪ. "ಒಂದು ಮನೆ ಶ್ರುತಿಯಲ್ಲಿ ಹಾಡೋರು, ಎಷ್ಟೋ ಕೆಳಗೆ ಹಿಡಿದಿದಾರೆ. ಕಾಲಪ್ರಮಾಣಾನೂ ಎಳೆದ ಹಾಗಿದೆ."

ಹಿರಿಯರ ಲೆಕ್ಕ ಹೀಗೆ: 48,000ರ ಧ್ವನಿಯನ್ನು 44,100ರ ವೇಗದಲ್ಲಿ ನುಡಿಸಿದರೆ ಎಂಟು ನಿಮಿಷದ ಕೃತಿ ಎಂಟು ನಿಮಿಷ 42 ಸೆಕೆಂಡಿಗೆ ಎಳೆಯುತ್ತದೆ. ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಇಳಿಯುತ್ತದೆ. ಗಾಯಕರು ಇಳಿಯಲಿಲ್ಲ, ಮೃದಂಗ ಇಳಿಯಲಿಲ್ಲ, ತಂಬೂರಿಯೂ ಇಳಿಯಲಿಲ್ಲ. ಇಡೀ ವೇದಿಕೆಯೇ ಇಳಿಯಿತು. ಇದನ್ನು ಹಿಡಿದದ್ದು ಯಾವ ತಂತ್ರಾಂಶವೂ ಅಲ್ಲ, ಶಿವಮೊಗ್ಗದ ಒಂದು ಜೊತೆ ಕಿವಿ.

ಸಾಕ್ಸ್ ಬಂತು, ಶ್ರುತಿ ಏರಿತು. ಈಗ ಜಾಗದ ಜಗಳ. 150 ನಿಮಿಷದ ಕಛೇರಿ ಎಂಪಿ3ಯಲ್ಲಿ ಇದ್ದದ್ದು 144 ಎಂಬಿ, ತಟ್ಟೆ 700 ಎಂಬಿ, ಹಿಡಿಸೋದಿಲ್ಲ ಅಂದರೆ ಏನರ್ಥ ಎಂದು ಎಂಜಿನಿಯರು ಕೀಬೋರ್ಡ್ ಕುಟ್ಟಿದ. "ಆಡಿಯೊ ಸೀಡಿಗೆ ಎಂಬಿ ಲೆಕ್ಕ ಇಲ್ಲಪ್ಪಾ, ನಿಮಿಷದ ಲೆಕ್ಕ. 80 ನಿಮಿಷ ಅಂದ್ರೆ 80. ಸಿಟಿ ಬಸ್ಸಿನ ಹಾಗೆ ಸ್ವಲ್ಪ ಒಳಗೆ ನಡೀರಿ ಅನ್ನೋಕಾಗಲ್ಲ." ಕಛೇರಿ ಎರಡು ತಟ್ಟೆಯಾಯಿತು.

ಬರೆಯುವಾಗ ಅವನು ಅದೇ ಮೆಷೀನಿನಲ್ಲಿ ಕರ್ನಲ್ ಕಂಪೈಲ್ ಮಾಡುತ್ತ ಕೂತಿದ್ದರಿಂದ ಒಂದು ತಟ್ಟೆ ಅರ್ಧಕ್ಕೇ ಸತ್ತಿತು. ದತ್ತಾಂಶ ಬರುವುದು ನಿಂತರೂ ಕೈ ನಿಲ್ಲಿಸುವಂತಿರಲಿಲ್ಲ ಮೊದಮೊದಲಿನ ಈ ಬರಹಗಾರರು. 2000ರಲ್ಲಿ ಸಾನ್ಯೊ ಕಂಪನಿಯ 'ಬರ್ನ್-ಪ್ರೂಫ್' ಬಂದ ಮೇಲೆ ನಿಲ್ಲಿಸಿ, ಬಿಟ್ಟಲ್ಲಿಂದಲೇ ಮುಂದುವರಿಸುವ ವಿದ್ಯೆ ಡ್ರೈವುಗಳಿಗೆ ಬಂತು. "ನನಗೂ ಬರ್ತಿತ್ತು. ಆದ್ರೆ ಸೀಡಿರೆಕಾರ್ಡಿಗೆ 'ಬರ್ನ್‌ಫ್ರೀ' ಅಂತ ಬಿಡಿಸಿ ಹೇಳ್ಬೇಕಿತ್ತು. ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಕೇಳೋದು ನಮ್ಮ ಕಸುಬಲ್ಲ."

ಕೊನೆಯ ತಕರಾರು ಬಂದದ್ದೂ ಶಿವಮೊಗ್ಗದಿಂದಲೇ. ರಾಗಂ ತಾನಂ ಪಲ್ಲವಿಯನ್ನು ಸ್ನೇಹಿತ ಮೂರು ಟ್ರ್ಯಾಕ್ ಮಾಡಿದ್ದ. ತಾನ ಮುಗಿದು ಪಲ್ಲವಿ ಎತ್ತಿಕೊಳ್ಳುವ ಹೊತ್ತಿಗೆ ಎರಡು ಸೆಕೆಂಡ್ ನಿಶ್ಶಬ್ದ. "ಗಾಯಕರು ಉಸಿರು ತಗೊಳ್ಳಲಿ, ಬೇಡ ಅನ್ನಲ್ಲ. ತಂಬೂರಿ ಯಾಕೋ ನಿಲ್ತು?" ಎಂದು ಅಪ್ಪ ಕೇಳಿದರಂತೆ.

ಟ್ರ್ಯಾಕ್ ಒಂದೊಂದಾಗಿ ಬರೆಯುವ ವಿಧಾನದಲ್ಲಿ ನಡುವೆ ಎರಡು ಸೆಕೆಂಡ್ ಬೀಳುತ್ತಿತ್ತು. ಇಡೀ ತಟ್ಟೆಯನ್ನು ಒಂದೇ ಉಸಿರಿನಲ್ಲಿ ಬರೆಯುವ 'ಡಿಸ್ಕ್ ಅಟ್ ಒನ್ಸ್' ಹಾಕಿದಾಗ ಮೌನ ಹೋಯಿತು, ಸಣ್ಣದೊಂದು 'ಟಿಕ್' ಉಳಿಯಿತು. ಕಾರಣ ಎಂಪಿ3ಯದ್ದೇ. ಅದು ಧ್ವನಿಯನ್ನು 1,152 ಮಾದರಿಗಳ ಕಟ್ಟುಗಳಲ್ಲಿ ಕಟ್ಟುತ್ತದೆ, ತುಂಬದ ಕಟ್ಟಿಗೆ ಸೊನ್ನೆ ತುರುಕುತ್ತದೆ. ಸೀಡಿಯ ತುತ್ತು 588 ಮಾದರಿಯದ್ದು. ಕೊನೆಯ ತುತ್ತು ಸಾಲದಿದ್ದರೆ ಅಲ್ಲೂ ಸೊನ್ನೆಯೇ. ಕೊನೆಗೆ ಸ್ನೇಹಿತನಿಂದ ಪೂರ್ತಿ ಕಛೇರಿಯ ಅಖಂಡ ಫೈಲನ್ನೇ ತರಿಸಿ, ಬಿಚ್ಚಿ, ಯಾವ ಟ್ರ್ಯಾಕ್ ಎಲ್ಲಿ ಶುರು ಎಂಬ ಚೀಟಿಯನ್ನು ಜೊತೆಗಿಟ್ಟು 'ಸೀಡಿಆರ್‌ಡಿಎಒ' ಎಂಬ ತಂತ್ರಾಂಶಕ್ಕೆ ಒಪ್ಪಿಸಿದ. ತಂಬೂರಿ ನಿಲ್ಲಲಿಲ್ಲ.

"ಅಂದ್ರೆ ಕಷ್ಟವೆಲ್ಲ ಅಲ್ಲಿಗೆ ಮುಗೀತು?"

"2004ರಲ್ಲಿ 2.6.8 ಕರ್ನಲ್ ಬಂತು" ಎಂದರು ಹಿರಿಯರು, ಸಾವಿನ ಸುದ್ದಿ ಹೇಳುವ ದನಿಯಲ್ಲಿ. ಸಾಮಾನ್ಯ ಬಳಕೆದಾರ ಡ್ರೈವಿಗೆ ಯಾವ ಯಾವ ಅಪ್ಪಣೆ ಕೊಡಬಹುದು ಎಂಬುದಕ್ಕೆ ಅದು ಸೋಸಣಿಗೆ ಹಾಕಿತು. ಭದ್ರತೆಗೆ ಒಳ್ಳೆಯದೇ. ನಿನ್ನೆಯವರೆಗೆ ಬರೆಯುತ್ತಿದ್ದವರು ಮಾತ್ರ ಇವತ್ತು ರೂಟ್ (ಸರ್ವಾಧಿಕಾರದ ಬಳಕೆದಾರ) ಆಗದೆ ಬರೆಯಲಾರದಾದರು. 2006ರಲ್ಲಿ ಲೈಸೆನ್ಸಿನ ಜಗಳ. ಶಿಲ್ಲಿಂಗ್ ತಮ್ಮ ತಂತ್ರಾಂಶದ ಭಾಗಗಳಿಗೆ ಬೇರೆ ಲೈಸೆನ್ಸ್ ಹಾಕಿದರು, ಡೆಬಿಯನ್ ಎಂಬ ಲಿನಕ್ಸ್ ವಿತರಣೆಯವರು ಒಪ್ಪಲಿಲ್ಲ, ಹಳೆಯ ಪ್ರತಿಯನ್ನು ಕವಲು ಒಡೆಸಿ 'ವೊಡಿಮ್' ಎಂದು ಹೆಸರಿಟ್ಟರು. ಶಿಲ್ಲಿಂಗ್ 2021ರಲ್ಲಿ ತೀರಿಕೊಂಡರು. ಡೆಬಿಯನ್ ತನ್ನದೇ ಸರಿ ಎಂದಿತು, ಅವರು ತಮ್ಮದೇ ಸರಿ ಎಂದಿದ್ದರು.

"ಪಾಲು ಮಾಡ್ಕೊಂಡ್ರು ಅಣ್ಣತಮ್ಮಂದಿರು. ಬಾವಿ ಒಂದೇ, ಹಗ್ಗ ಎರಡು. ನೀರು ಸೇದಿದವನು ನಾನು."

ವರದಿಗಾರನ ನೋಟ್‌ಬುಕ್ಕಿನಲ್ಲಿ ಈಗ ಹಾಳಾದ ಆರು ತಟ್ಟೆಗಳ ಲೆಕ್ಕ ಇತ್ತು. ಒಂದರ ಮುಂದೆಯೂ 'ಡ್ರೈವಿನ ದೋಷ' ಎಂದು ಬರೆದಿರಲಿಲ್ಲ. ಅದನ್ನು ಗಟ್ಟಿಯಾಗಿ ಓದಿ ಹೇಳಿದ. ಹಿರಿಯರು ಏನೂ ಅನ್ನಲಿಲ್ಲ. ಟ್ರೇಯಲ್ಲಿದ್ದ ಕೂದಲು ಮಾತ್ರ ಫ್ಯಾನಿನ ಗಾಳಿಗೆ ಅಲುಗಿತು.

ಅಂಗಡಿಯವನು ಅಷ್ಟರಲ್ಲಿ ಎರಡನೇ ಕಿತ್ತಳೆ ಸುಲಿಯುತ್ತಿದ್ದ. "ತಗೊಳ್ತೀರಾ ಸಾರ್? ಐಡಿಇಯಿಂದ ಯುಎಸ್‌ಬಿಗೆ ಹಾಕೋ ಕನ್ವರ್ಟರು ಮೂರು ಅಂಗಡಿ ಆಚೆ ಸಿಗುತ್ತೆ. ಈಗಿನ ಲಿನಕ್ಸಲ್ಲಿ ಹಾಕಿದ ತಕ್ಷಣ ಹಿಡಿಯುತ್ತೆ, ಎಂಪಿ3ನೂ ಅದೇ ಬಿಚ್ಚಿಕೊಳ್ಳುತ್ತೆ. ಯಾವ ಆಟಾನೂ ಇಲ್ಲ."

"ಹೌದಾ?" ಎಂದಿತು ಬುಟ್ಟಿಯೊಳಗಿನ ದನಿ. "ಸ್ಕಸಿ ಪ್ರಮಾಣಪತ್ರ ಬೇಡವಾ?"

"ಬೇಡ ಯಜಮಾನ್ರೇ" ಎಂದ ವರದಿಗಾರ. "ಈಗ ಎಲ್ಲ ಡ್ರೈವೂ ಅದೇ ಮನೆಯವು."

"ಮತ್ತೆ ನನ್ನ ಹೆಸರು?"

ವರದಿಗಾರ ಫೋನಿನಲ್ಲಿ ಹುಡುಕಿ ನೋಡಿದ. "ಎಸ್‌ಆರ್ ಸೊನ್ನೆ."

"ಒಂದೇ ಸೊನ್ನೆಯಾ?"

"ಒಂದೇ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ಯಾವ ಕೇಬಲ್ಲೂ ಇಲ್ಲದ ಆ ಹಿರಿಯರು, ತಾವೇ ಟ್ರೇ ಒಳಗೆಳೆದುಕೊಂಡರು. ಪೇಪರ್ ಕ್ಲಿಪ್ಪೂ ಒಳಗೇ ಹೋಯಿತು.