ರಾಗಿ ಬೀಸಿ ನೋಡಮ

ಮೇಷ್ಟರ ಕೆಲಸದಿಂದ ನಿವೃತ್ತನಾಗಿ, ಕೊರಳಿಗೆ ಹಾರ ಹಾಕಿಸಿಕೊಂಡು ಮನೆಗೆ ಬಂದ ಸಂಜೆ ನನ್ನಾಕೆ ಆ ಹಾರವನ್ನು ದೇವರ ಪಟಕ್ಕೂ ಹಾಕಲಿಲ್ಲ, ಎಮ್ಮೆಯ ಮುಂದಕ್ಕೂ ಹಾಕಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಕೇಳಿದಳು: “ಸರಿ, ಈಗ ಎಲ್ಲಿಗ ಹೋಗಮ?”

“ಊಟಕ್ಕೆ” ಎಂದೆ.

“ಊಟಕ್ಕಲ್ಲ ಕಣಿ. ಇರಕ.”

ಈ ಪ್ರಶ್ನೆಯನ್ನು ಅವಳು ಮೂವತ್ತು ವರ್ಷ ಅಡಕಲ ಮಡಕೆಯಲ್ಲಿ ಮುಚ್ಚಿಟ್ಟುಕೊಂಡು ಬಂದಿದ್ದಳೆಂದು ನನಗೆ ಆಗಲೇ ತಿಳಿದದ್ದು. ಅಗರದಲ್ಲಿ ಅವಳಿಗೆ ಕಮ್ಮಿಯೇನಿರಲಿಲ್ಲ, ಮಂಡಿಯಲ್ಲಿ ಎಣ್ಣೆ ಮಾತ್ರ ಕಮ್ಮಿಯಾಗಿತ್ತು. ಮಗಳು ಮೈಸೂರಲ್ಲಿ, ಮಗ ಬೆಂಗಳೂರಲ್ಲಿ, ಅವಳ ತಮ್ಮ ಚಾಮರಾಜನಗರದಲ್ಲಿ. ಮೂವರೂ ಫೋನಿನಲ್ಲಿ “ಬಂದ್ಬುಡಿ” ಅನ್ನುತ್ತಿದ್ದರು. ಕರೆಯುವವರು ಮೂರು ಜನ ಇದ್ದಾಗ ಹೋಗುವವನ ಗತ್ತೇ ಬೇರೆ. ನಾನು ಪಟ್ಟಿ ಮಾಡಲು ಕೂತೆ. ನೀರು, ಬಾಡಿಗೆ, ಆಸ್ಪತ್ರೆ, ಗಾಳಿ ಎಂದು ಖಾನೆ ಎಳೆದು, ಒಂದೊಂದಕ್ಕೆ ಹತ್ತು ಅಂಕ ಇಟ್ಟೆ. ಮೇಷ್ಟರಿಗೆ ಅಂಕ ಕೊಡುವ ಚಟ ಪಿಂಚಣಿಯ ಜೊತೆ ಬಿಡುವುದಿಲ್ಲ.

ಹಾಗೆ ನೋಡಿದರೆ ನಮ್ಮ ಊರಿನ ಹೆಸರೇ ವಲಸೆಯದು. ಅಗ್ರಹಾರ ಅನ್ನುವ ಮಾತು ಬಾಯಿಂದ ಬಾಯಿಗೆ ಸವೆದು ಸವೆದು ಅಗರ ಆಗಿದೆ. ಅಗ್ರಹಾರ ಅಂದರೆ ಯಾರೋ ದೊರೆ ಎಲ್ಲಿಂದಲೋ ಜನರನ್ನು ಕರೆಸಿ, ಭೂಮಿ ಕೊಟ್ಟು, “ಇಲ್ಲೇ ಇರಿ” ಎಂದ ಜಾಗ. ನನಗೆ ಯಾವ ದೊರೆ ಭೂಮಿ ಕೊಡುತ್ತಾನೆ? ಬೆಂಗಳೂರಿನಲ್ಲಿ ಬಾಡಿಗೆ ಮನೆಗೇ ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾರಂತೆ.

ನಮ್ಮ ಪಕ್ಕದ ಕೊಳ್ಳೇಗಾಲದವರ ಅದೃಷ್ಟವೂ ನನಗಿಲ್ಲ. ಅವರು ಕೂತ ಚಾಪೆಯಿಂದ ಏಳದೆ ರಾಜ್ಯ ಬದಲಿಸಿದವರು. 1956ರ ಅಕ್ಟೋಬರ್ 31ರ ರಾತ್ರಿ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿ ಮುದ್ದೆ ಉಂಡು ಮಲಗಿದರು, ಬೆಳಿಗ್ಗೆ ಮೈಸೂರು ರಾಜ್ಯದಲ್ಲಿ ಎದ್ದು ಹಲ್ಲುಜ್ಜಿದರು. ಪಾತ್ರೆಪಗಡ ಕಟ್ಟಲಿಲ್ಲ, ಹಾಲು ಉಕ್ಕಿಸಲಿಲ್ಲ, ಲಾರಿಯವನ ಹತ್ತಿರ ಚೌಕಾಸಿ ಮಾಡಲಿಲ್ಲ. 1997ರಲ್ಲಿ ಇನ್ನೊಮ್ಮೆ ಅದೇ ಚಾಪೆಯ ಮೇಲೆ ಕೂತು ಮೈಸೂರು ಜಿಲ್ಲೆಯಿಂದ ಚಾಮರಾಜನಗರ ಜಿಲ್ಲೆಗೆ ಬಂದರು. ಆ ಎರಡನೆಯ ಸಲ ಯಳಂದೂರು ತಾಲ್ಲೂಕಿನ ನಾವೂ ಜೊತೆಗಿದ್ದೆವು. ನನ್ನ ಜೀವನದಲ್ಲಿ ನಾನು ಸುಸೂತ್ರವಾಗಿ ಮಾಡಿದ ಸ್ಥಳಾಂತರ ಅದೊಂದೇ.

ಪಟ್ಟಿ ನೋಡಿದ ನನ್ನಾಕೆ, “ಕಾಗದ್ದಲ್ಲಿ ಊರು ಗೊತ್ತಾಗದಾ?” ಎಂದಳು. “ಮಾದಪ್ಪ ಏನ್ ಮಾಡ್ದ? ಪಟ್ಟಿ ಬರುದ್ನಾ? ಸುತ್ತೂರು ಮಠ್ದಲ್ಲಿ ರಾಗಿ ಬೀಸ್ದ. ಕುಂತೂರು ಮಠ್ದಲ್ಲಿ ಇದ್ದ. ಎಲ್ಲಾನೂವ ನೋಡ್ಕಂಡು ಆಮೇಲಲ್ವಾ ಎಪ್ಪತ್ತೇಳು ಮಲ ಹತ್ತುದ್ದು? ನಾವೂ ಒಂದೊಂದು ಊರ್ಲಿ ಒಂದೊಂದು ವಾರ ರಾಗಿ ಬೀಸಿ ನೋಡಮ.”

ಕಂಸಾಳೆಯವರು ರಾತ್ರಿಯಿಡೀ ಹಾಡುವ ಮಲೆ ಮಾದಪ್ಪನ ಕಾವ್ಯದಲ್ಲಿ ನಾನು ಪವಾಡ ಕೇಳಿದ್ದೆ, ಭಕ್ತಿ ಕೇಳಿದ್ದೆ. ಮನೆ ಹುಡುಕುವ ಕ್ರಮ ಕೇಳಿದ್ದು ನನ್ನಾಕೆ ಒಬ್ಬಳೇ. ಅವತ್ತಿನಿಂದ ನಮ್ಮ ಮನೆಯಲ್ಲಿ ‘ರಾಗಿ ಬೀಸುವುದು’ ಅಂದರೆ ಊರನ್ನು ಪರೀಕ್ಷೆಗೆ ಹಚ್ಚುವುದು ಎಂದಾಯಿತು.

ಮೊದಲು ಮೈಸೂರು. ಮಗಳ ಮನೆ ಕುವೆಂಪುನಗರದಲ್ಲಿ. ಮರ ಉಂಟು, ನೆರಳುಂಟು, ಬೆಟ್ಟದಮ್ಮ ಕಣ್ಣಿಗೆ ಕಾಣುವಷ್ಟು ಹತ್ತಿರ. ಮೊದಲ ದಿನವೇ ಎಲ್ಲ ಖಾನೆಗೂ ಎಂಟರ ಮೇಲೆ ಅಂಕ ಹಾಕಿಬಿಟ್ಟೆ. ಎರಡನೆಯ ದಿನ ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಂಡು ವಾಕಿಂಗ್ ಹೊರಟೆ. ಮೈಸೂರು ಚಿಗುರೆಲೆ ಅಂದರೆ ಸಾಮಾನ್ಯವೇ? ಭೌಗೋಳಿಕ ಗುರುತು ಪಡೆದ ಎಲೆ ಅದು. ಬಾಯಿಗಿಟ್ಟರೆ ಬೆಣ್ಣೆ. ಅರ್ಧ ಫರ್ಲಾಂಗು ಹೋಗುವಷ್ಟರಲ್ಲಿ ಬಾಯಿ ತುಂಬಿತು. ಉಗಿಯೋಣವೆಂದು ನೋಡುತ್ತೇನೆ, ಜಾಗವಿಲ್ಲ! ರಸ್ತೆ ಗುಡಿಸಿದೆ, ಚರಂಡಿ ಮುಚ್ಚಿದೆ, ಗಿಡದ ಬುಡಕ್ಕೆ ಯಾರೋ ರಂಗೋಲಿ ಬೇರೆ ಹಾಕಿದ್ದಾರೆ. 2016ರಲ್ಲಿ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನ ಪಡೆದ ಊರು. ಆ ಮರ್ಯಾದೆಯನ್ನು ಅಗರದ ಮೇಷ್ಟರು ಬಂದು ಕೆಂಪು ಮಾಡಿದರು ಅನ್ನಿಸಿಕೊಳ್ಳಬಹುದೆ? ಅಷ್ಟರಲ್ಲಿ ಯಾರೋ ಬೈಕು ನಿಲ್ಲಿಸಿ, “ಸಾರ್, ಅಪೋಲೋ ಆಸ್ಪತ್ರೆ ಯಾವ ಕಡೆ?” ಎಂದರು. ಗದ್ದ ಮೇಲೆತ್ತಿ “ಉಂ ಉಂ” ಎಂದು ಕೈ ತೋರಿಸಿದೆ. ಅವರು ನನ್ನನ್ನು ಮರುಕದಿಂದ ನೋಡಿ, “ನೀವೂ ಅಲ್ಲಿಗೇ ಹೊರಟಿದ್ದೀರಾ? ಕೂತ್ಕೊಳ್ಳಿ” ಎಂದರು. ತಲೆಯಾಡಿಸಿ ಓಡಿದೆ. ಮನೆಯ ಬಚ್ಚಲು ಸಿಕ್ಕುವವರೆಗೆ ನಾನು ಪಟ್ಟ ಕಷ್ಟ ತಾಯಿ ಚಾಮುಂಡಿಗೇ ಗೊತ್ತು. ಎಲೆಗೆ ತನ್ನ ಹೆಸರು ಕೊಟ್ಟ ಊರು, ಉಗಿಯಲು ಅಂಗೈಯಗಲ ಜಾಗ ಕೊಡಲಿಲ್ಲ.

ಬೀಸುವ ಕಲ್ಲು ಮೂರನೆಯ ದಿನ ಕಂಡಿತು. ಮೊಮ್ಮಗನನ್ನು ಬೆಳಿಗ್ಗೆ ಶಾಲೆಯ ವ್ಯಾನಿಗೆ ಬಿಡುವುದು, ಮಧ್ಯಾಹ್ನ ಕರೆತರುವುದು, ಸಂಜೆ ಅಬಾಕಸ್ಸಿಗೆ, ಅಲ್ಲಿಂದ ಈಜಿಗೆ. “ಅಪ್ಪ, ನೀವಿದ್ರೆ ಎಷ್ಟು ಹಗುರ ಗೊತ್ತಾ?” ಎಂದಳು ಮಗಳು. ನನ್ನಾಕೆ ಒಳಗೆ ಚಪಾತಿ ಲಟ್ಟಿಸುತ್ತ ನನ್ನ ಮುಖ ನೋಡಿದಳು. ಇಬ್ಬರೂ ಮಾತಾಡಲಿಲ್ಲ.

ಎರಡನೆಯದು ಚಾಮರಾಜನಗರ. ಮುಖ್ಯಮಂತ್ರಿಯಾದವರು ಅಲ್ಲಿಗೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆ ಎಂಬ ಮಾತು ಬಹಳ ಕಾಲ ಇತ್ತು. ಎಷ್ಟೋ ಮಂದಿ ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಸಿದ್ದರಾಮಯ್ಯನವರು ಮೊದಲ ಸಲ ಮುಖ್ಯಮಂತ್ರಿಯಾಗಿದ್ದಾಗ ಮತ್ತೆ ಮತ್ತೆ ಬಂದು, 2018ರವರೆಗೆ ಐದು ವರ್ಷವನ್ನೂ ಪೂರೈಸಿ ಆ ಮಾತಿನ ಬಾಲ ಕತ್ತರಿಸಿದರು. ನನಗಂತೂ ಹೆದರಿಕೆಯೇ ಇರಲಿಲ್ಲ. ಹೋಗುವ ಕುರ್ಚಿ ಆಗಲೇ ಹೋಗಿತ್ತಲ್ಲ.

ಬಾಮೈದ ಒಳ್ಳೆಯವನು. ಊಟಕ್ಕೆ ಕೂರಿಸಿ, “ಭಾವ, ನಿಮ್ಮ ಅಕ್ಷರ ಮುತ್ತಿನ ಹಾಗದ, ಒಂದು ಅರ್ಜಿ ಬರ್ಕೊಡಿ” ಎಂದ. ಪಹಣಿಯಲ್ಲಿ ಅವರಪ್ಪನ ಹೆಸರು ತಪ್ಪಾಗಿತ್ತು. ಬರೆದುಕೊಟ್ಟೆ. ಮಾರನೆಯ ದಿನ ಎದುರು ಮನೆಯವರು ಬಂದರು, ಅವರ ತಾತನ ಹೆಸರೂ ತಪ್ಪಾಗಿತ್ತು. ನಾಲ್ಕನೆಯ ದಿನಕ್ಕೆ ಜಗಲಿಯ ಮೇಲೆ ಹನ್ನೊಂದು ಜನ. ಒಂದು ಬೀದಿಯಲ್ಲಿ ಇಷ್ಟು ತಾತಂದಿರ ಹೆಸರು ಕೆಟ್ಟಿರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಇದು ಅರ್ಜಿಯ ರಾಗಿ. ಬೀಸಿ ಬೀಸಿ ಕೈ ನೋವು ಬಂತು.

ಅಗರಕ್ಕೆ ಹಿಂತಿರುಗಿದರೆ ಒಂದು ಸುದ್ದಿ ಕಾದಿತ್ತು. ನಾನಿಲ್ಲದ ವಾರ ಶ್ರೀರಾಮನವಮಿಯ ಪಾನಕದ ಸಮಿತಿ ಸಭೆ ಸೇರಿ, “ಮೇಷ್ಟ್ರು ಎಂಗೂ ಊರು ಬುಡ್ತಾವ್ರ” ಎಂದು ಖಜಾಂಚಿ ಹುದ್ದೆಯನ್ನು ಬೇರೆಯವರಿಗೆ ಕೊಟ್ಟಿತ್ತು. ಚಾಮರಾಜನಗರದ ವಿಷಯ ಯಾರಾದರೂ ಮೂಢನಂಬಿಕೆ ಅಂದರೆ ನಾನೀಗ ಗಟ್ಟಿಯಾಗಿ ನಗುವುದಿಲ್ಲ.

ಮೂರನೆಯದು ಬೆಂಗಳೂರು. ಮಗನ ಫ್ಲ್ಯಾಟು ಇರುವುದು ಅಗರದಲ್ಲಿ! ಎಚ್‌ಎಸ್‌ಆರ್ ಲೇಔಟಿನ ಪಕ್ಕದಲ್ಲಿ, ಕೆರೆಯ ಹತ್ತಿರ. “ಅಪ್ಪ, ಅಗರದಿಂದ ಅಗರಕ್ಕೆ ಬರೋದು, ವಿಳಾಸದಲ್ಲಿ ಪಿನ್‌ಕೋಡ್ ಒಂದು ತಿದ್ದಿದ್ರೆ ಸಾಕು” ಎಂದು ತಮಾಷೆ ಮಾಡಿದ. ದಾರಿ ಹೇಳಿಕೊಟ್ಟದ್ದು ಕೇಳಿ ನನಗೆ ಇನ್ನೂ ಸಂತೋಷವಾಯಿತು. ಕನಕಪುರ ರಸ್ತೆಯಲ್ಲಿ ಬಸ್ಸಿಳಿದು ‘ರೇಷ್ಮೆ ಸಂಸ್ಥೆ’ ನಿಲ್ದಾಣದಲ್ಲಿ ಮೆಟ್ರೊ ಹತ್ತಬೇಕು, ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ ‘ಕೇಂದ್ರ ರೇಷ್ಮೆ ಮಂಡಳಿ’ಯಲ್ಲಿ ಇಳಿಯಬೇಕು. ಕೊಳ್ಳೇಗಾಲ ಸೀಮೆಯವನಿಗೆ ಇದಕ್ಕಿಂತ ಸಲೀಸಾದ ದಾರಿ ಇದೆಯೆ? ಹಿಪ್ಪುನೇರಳೆ ಸೊಪ್ಪು ಕೊಯ್ದು ಬೆಳೆದ ಕೈ ನನ್ನದು. ಮಧ್ಯೆ ಒಂದು ನಿಲ್ದಾಣದ ಹೆಸರು ಓದಿ ನನ್ನಾಕೆ ಮೊಣಕೈಯಿಂದ ತಿವಿದಳು. ರಾಗಿಗುಡ್ಡ. ರಾಗಿಯ ರಾಶಿಯೇ ಗುಡ್ಡವಾಯಿತೆಂದು ಐತಿಹ್ಯವಿರುವ ಆಂಜನೇಯನ ಜಾಗ.

“ಗುಡ್ಡದಷ್ಟು ಮಡಗವ್ರ ಕಣಿ ಬೀಸಕ” ಎಂದಳು.

ರೇಷ್ಮೆ ಮಂಡಳಿಯಲ್ಲಿ ಇಳಿದಾಗ ಮಗ ಕಾರು ತಂದಿದ್ದ. ಅಲ್ಲಿಂದ ಅಗರ ಕೂಗಳತೆ. ಹುಳು ಸಾಕಿದವರಿಗೆ ಗೊತ್ತು, ಹುಳು ಜ್ವರಕ್ಕೆ ಕೂತಾಗ ಸೊಪ್ಪು ಮುಟ್ಟುವುದಿಲ್ಲ, ಅತ್ತಿತ್ತ ಅಲ್ಲಾಡುವುದಿಲ್ಲ, ತಲೆ ಮೇಲೆತ್ತಿಕೊಂಡು ಸುಮ್ಮನೆ ಇರುತ್ತದೆ. ಹಣ್ಣಾಗುವ ಮುಂಚೆ ನಾಲ್ಕು ಸಲ ಹೀಗೆ ಕೂರಬೇಕು. ಆ ಸರ್ಕಲ್ಲಿನ ತುಂಬ ಕಾರುಗಳು ನಾಲ್ಕನೆಯ ಜ್ವರಕ್ಕೆ ಕೂತಿದ್ದವು. ಹೆಡ್‌ಲೈಟು ಮೇಲೆತ್ತಿ, ಮೈ ಮಿಸುಕದೆ. ರೇಷ್ಮೆಯ ಹೆಸರನ್ನು ಆ ಜಾಗಕ್ಕೆ ಇಟ್ಟವರು ಹುಳು ಸಾಕಿ ಅನುಭವವಿದ್ದವರೇ ಇರಬೇಕು.

ಆ ಅಗರದಲ್ಲಿ ನನ್ನ ಪಾಲಿನ ರಾಗಿ ಪಾರ್ಸಲ್ ರೂಪದಲ್ಲಿ ಬಂತು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಗಂಟೆಗೊಂದು ಸಲ ಬಾಗಿಲ ಗಂಟೆ. ಸಾಬೂನು ಒಬ್ಬ ತಂದ, ಸೊಪ್ಪು ಇನ್ನೊಬ್ಬ ತಂದ, ಸೊಪ್ಪಿಗೆ ಹಾಕುವ ಬೆಳ್ಳುಳ್ಳಿ ಮೂರನೆಯವನು ತಂದ. ಪ್ರತಿಯೊಬ್ಬನೂ “ಓಟಿಪಿ” ಅನ್ನುತ್ತಿದ್ದ. ಮಗನಿಗೆ ಫೋನು ಮಾಡಿ, ಅವನು ಮೀಟಿಂಗಿನಲ್ಲಿ ಪಿಸುಗುಟ್ಟಿದ ಅಂಕಿಯನ್ನು ಕೇಳಿಸಿಕೊಂಡು, ಜೋರಾಗಿ ಮಗ್ಗಿ ಹೇಳಿದಂತೆ ಹೇಳುತ್ತಿದ್ದೆ. ನಾನು ಕೊಟ್ಟ ಅಂಕಗಳಿಗೆ ಇಷ್ಟು ಬೆಲೆ ಶಾಲೆಯಲ್ಲಿ ಯಾವತ್ತೂ ಬಂದಿರಲಿಲ್ಲ.

ಸಂಜೆ ಅಗರ ಕೆರೆಯ ಏರಿಯ ಮೇಲೆ ನನ್ನ ವಯಸ್ಸಿನವರು ಸಾಲು ಸಾಲಾಗಿ ನಡೆಯುತ್ತಿದ್ದರು. ದಾವಣಗೆರೆ ಕಡೆಯವರೊಬ್ಬರು ಜೊತೆಯಾದರು.

“ಯಾವೂರು ನಿಮ್ದು?”

“ಅಗರ.”

“ಅದು ಗೊತ್ತಾತು ಬಿಡ್ರಿ. ಯಾವ ಸೆಕ್ಟರ್?”

ಯಳಂದೂರು ತಾಲ್ಲೂಕು, ಬಿಳಿಗಿರಿರಂಗನ ಬೆಟ್ಟದ ಕೆಳಗೆ ಎಂದು ವಿವರಿಸಿದೆ. ಅವರು ತಲೆಯಾಡಿಸಿ, ತಗ್ಗಿದ ದನಿಯಲ್ಲಿ ಕೇಳಿದರು: “ಎಷ್ಟು ಮಂದಿ ಮೊಮ್ಮಕ್ಕಳು? ಬೆಳಗಿನ ಪಾಳಿಯೋ, ಸಂಜೀ ಪಾಳಿಯೋ?” ಅವರದು ಎರಡೂ ಪಾಳಿ. ಹೆಂಡತಿ ಅಮೆರಿಕದಲ್ಲಿ ಮಗಳ ಬಾಣಂತನದ ಪಾಳಿ. ಸುತ್ತೂರು ಮಠದಲ್ಲಿ ಕಲ್ಲಿನ ಮುಂದೆ ಕೂತ ಮಾದಪ್ಪನಿಗೂ ಪಕ್ಕದಲ್ಲಿ ಹೀಗೆ ಯಾರಾದರೂ ದಾವಣಗೆರೆಯವರು ಸಿಕ್ಕಿದ್ದರೋ ಏನೋ. ಕಾವ್ಯದಲ್ಲಿ ಅದು ಬಂದಿಲ್ಲ.

ಹಿಂತಿರುಗುವ ಬಸ್ಸಿನಲ್ಲಿ ನಾನು ಪೂರ್ಣಯ್ಯನವರನ್ನು ನೆನೆದೆ. ದಿವಾನಗಿರಿಯ ಸೇವೆಗೆ ಮೆಚ್ಚಿ 1807ರಲ್ಲಿ ಅವರಿಗೆ ನಮ್ಮ ಯಳಂದೂರನ್ನೇ ಜಹಗೀರಾಗಿ ಕೊಟ್ಟರು. ಕೈಯಲ್ಲಿ ಇಡೀ ತಾಲ್ಲೂಕು ಇತ್ತು, ಆದರೂ 1812ರಲ್ಲಿ ಅವರು ಕಣ್ಣು ಮುಚ್ಚಿದ್ದು ಶ್ರೀರಂಗಪಟ್ಟಣದಲ್ಲಿ. ಇದನ್ನು ಹೇಳಿದರೆ ನನ್ನಾಕೆ, “ಅವ್ರ ಹೆಂಡ್ತಿಗ ಮಂಡಿ ನೋವಿತ್ತೇನೊ” ಎಂದಳು.

ಕಡೆಗೆ ತೀರ್ಪು ಕೊಟ್ಟವಳೂ ಅವಳೇ. ಕೊಳ್ಳೇಗಾಲ. ನನ್ನ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಸಂತೆಗೆ, ಸೀರೆಗೆ, ಹಲ್ಲು ಕೀಳಿಸಲಿಕ್ಕೆ ಹೋಗುವ ಊರನ್ನು ಯಾರಾದರೂ ಇರುವ ಊರು ಎಂದು ಎಣಿಸುತ್ತಾರೆಯೆ? ಮಂಡಿಗೆ ಶಾಖ ಕೊಡುವವರು ಅಲ್ಲಿದ್ದಾರೆ, ಮಕ್ಕಳಿಗೆ ದೂರ, ಅಗರಕ್ಕೆ ಹತ್ತಿರ ಎಂಬುದು ಅವಳ ವಾದ. ‘ಮಕ್ಕಳಿಗೆ ದೂರ’ ಅನ್ನುವುದನ್ನು ಅವಳು ಸ್ವಲ್ಪ ಮೆಲ್ಲಗೆ ಹೇಳಿದಳು.

ನಾನು ಕೊನೆಯ ಅಸ್ತ್ರ ಬಿಟ್ಟೆ: “ಆಷಾಢ ಬಂತು. ಆಷಾಢದಲ್ಲಿ ಯಾರಾದ್ರೂ ಮನೆ ಬದಲಾಯಿಸ್ತಾರಾ?”

“ಚಾಮರಾಜೇಶ್ವರನ ತೇರು ಎಳಿಯೋದು ಯಾವಾಗ? ಆಷಾಢದಲ್ಲೇ. ದೇವ್ರೇ ಹೊರಟ ಮೇಲೆ ನಂದೇನ?”

ತೇರು ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬರುತ್ತದೆ ಎಂದು ಹೇಳಬೇಕೆನ್ನಿಸಿತು. ಹೇಳಲಿಲ್ಲ. ಮರಡಿಗುಡ್ಡ ಕಾಣುವ ಒಂದು ಬೀದಿಯಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು. “ನಾ ಹೋಗಿ ಒಂದು ವಾರ ರಾಗಿ ಬೀಸ್ತೀನಿ. ನೀವು ಕಾಯಿ ಕೀಳಿಸ್ಕಂಡು ಬನ್ನಿ” ಎಂದು ಹೊರಟೇಬಿಟ್ಟಳು.

ಮೊದಲ ದಿನ ಮನೆ ಅರಮನೆಯಾಗಿತ್ತು. ಎಲೆಯಡಿಕೆ ಹಾಕಿಕೊಂಡು ಜಗಲಿಯಿಂದ ಎಲ್ಲಿಗೆ ಬೇಕೋ ಅಲ್ಲಿಗೆ ಉಗಿದೆ. ಎರಡನೆಯ ದಿನ ಮುದ್ದೆ ತೊಳಸಲು ಹೋಗಿ ಅಂಬಲಿಯಾಯಿತು. ಅದನ್ನು ಎಮ್ಮೆಗೆ ಇಟ್ಟರೆ ಅದು ಮೂಸಿ, ನನ್ನ ಮುಖವನ್ನು ಒಮ್ಮೆ ನೋಡಿ, ಹಿಂದಕ್ಕೆ ಸರಿಯಿತು. ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ, “ಯಾಕ್ ಮೇಷ್ಟ್ರೇ, ಇನ್ನೂ ಇಲ್ಲೇ ಇದ್ದರಿ? ಹೋಗ್ನಿಲ್ವಾ?” ಎಂದಳು. ಊರು ನನ್ನನ್ನು ಆಗಲೇ ಕಳಿಸಿಕೊಟ್ಟಾಗಿತ್ತು, ನಾನೊಬ್ಬ ಮಾತ್ರ ಹೊರಟಿರಲಿಲ್ಲ.

ಮೂರನೆಯ ದಿನ ಎಮ್ಮೆಯನ್ನು ಅಜ್ಜಿಗೆ ಒಪ್ಪಿಸಿ, ಬರಿಗೈಯಲ್ಲಿ ಹೋಗಬಾರದೆಂದು ವಾಡೆಯಿಂದ ಹತ್ತು ಸೇರು ರಾಗಿ ತುಂಬಿಕೊಂಡು ಕೊಳ್ಳೇಗಾಲದ ಬಸ್ಸು ಹತ್ತಿದೆ. ಅಮಾವಾಸ್ಯೆ ಹತ್ತಿರವಿತ್ತು. ನಿಲ್ದಾಣದ ತುಂಬ ಬೆಟ್ಟಕ್ಕೆ ಹೋಗುವ ಮಾದಪ್ಪನ ಒಕ್ಕಲು. ಜನವನ್ನು ಸರಿಸಿಕೊಂಡು, ಚೀಲ ಹೆಗಲ ಮೇಲಿಟ್ಟುಕೊಂಡು ಮನೆ ತಲುಪಿದರೆ ನನ್ನಾಕೆ ಬಾಗಿಲಲ್ಲೇ ಕೂತಿದ್ದಳು. ನನ್ನನ್ನು ನೋಡಲಿಲ್ಲ, ಚೀಲಕ್ಕೆ ಕೈ ಹಾಕಿದಳು.

“ಹಿಟ್ಟಾ, ರಾಗಿಯಾ?”

“ರಾಗಿ.”

“ಬೀಸುಸ್ಕಂಡು ಬರ್ನಿಲ್ವಾ? ಬೀದಿ ತುದೀಲಿ ಮಿಲ್ಲದ, ಹೋಗಿ.”

ಚೀಲವನ್ನು ಮತ್ತೆ ಹೆಗಲಿಗೇರಿಸಿಕೊಂಡು ಹೋದೆ. ಮಿಲ್ಲಿನ ಹುಡುಗ ಮುಖದ ತುಂಬ ಹಿಟ್ಟು ಮೆತ್ತಿಕೊಂಡು ಬಾಗಿಲಲ್ಲಿ ಬೀಡಿ ಸೇದುತ್ತ ನಿಂತಿದ್ದ.

“ಕರೆಂಟಿಲ್ಲ ಸಾ. ಚೀಲ ಮಡಗ್ಬುಟ್ಟು ಹೋಗಿ, ನಾಳಕ ಬನ್ನಿ.”

ಚೀಲ ಮಡಗಿದೆ.