ರೊಕ್ಕ ಎಲ್ಲಿ ಹೋತು ಕಾಕಾ

ಹುಬ್ಬಳ್ಳಿ-ಧಾರವಾಡದ ಯಾವ ಓಣಿ ಹೊಕ್ಕರೂ ಒಬ್ಬ ಕಾಕಾ ಇದ್ದೇ ಇರುತ್ತಾರೆ. ಹೆಸರು ಏನೇ ಇರಲಿ, ಅವರು ‘ರೊಕ್ಕ ಎಲ್ಲಿ ಹೋತು ಕಾಕಾ’. ಬ್ಯಾಂಕಿನಿಂದಲೋ ರೈಲ್ವೆ ವರ್ಕ್‌ಶಾಪಿನಿಂದಲೋ ನಿವೃತ್ತರು. ಬಗಲಲ್ಲೊಂದು ಚೀಲ, ಅದರೊಳಗೆ ಮನಿಪಟ್ಟಿ ಕಟ್ಟಿದ ಅಷ್ಟೂ ವರ್ಷಗಳ ಪಾವತಿ. ಏಪ್ರಿಲ್‌ನಲ್ಲಿ ಕಟ್ಟಿದರೆ ಸಿಗುವ ಶೇ. 5ರ ರಿಯಾಯಿತಿಯನ್ನು ಒಮ್ಮೆಯೂ ಬಿಟ್ಟುಕೊಟ್ಟವರಲ್ಲ. ರಸ್ತೆ ಅಗೆಯಲು ಜೆಸಿಬಿ ಬಂದರೆ ಅದರ ಮುಂದೆ ಇವರು ಹಾಜರು. “ಮೊನ್ನೆರೇ ಡಾಂಬರ್ ಹಾಕೀರಿ, ಇವತ್ತ ಅಗಿಯಾಕ ಬಂದೀರಿ. ನಮ್ಮ ರೊಕ್ಕ ಎಲ್ಲಿ ಹೋತ್ರೀ?” ಜೆಸಿಬಿ ಓಡಿಸುವ ಹುಡುಗನಿಗೆ ಪಾಪ, ಕನ್ನಡ ಬರುವುದಿಲ್ಲ. ಅದು ಕಾಕಾಗೆ ಅಡ್ಡಿಯೇನಲ್ಲ, ಹಿಂದಿಯಲ್ಲಿ ಮತ್ತೊಮ್ಮೆ ಕೇಳುತ್ತಾರೆ.

ಪ್ರಶ್ನೆ ಸರಿಯಾಗಿಯೇ ಇದೆ, ಕೇಳುವ ಹೊತ್ತು ಮಾತ್ರ ತಪ್ಪು. ವಾರ್ಡಿಗೆ ಅನುದಾನ ಬಂದಾಗ ಯಾವುದು ಮೊದಲು ಎಂದು ಕಾರ್ಪೊರೇಟರ್ ಕೇಳಿದರೆ ಇದೇ ಕಾಕಾ “ಮೊದ್ಲ ರಸ್ತಾ ಮಾಡ್ರಿ” ಎನ್ನುತ್ತಾರೆ. ರಸ್ತೆಗೆ ಭೂಮಿಪೂಜೆ ಇದೆ, ತೆಂಗಿನಕಾಯಿ ಇದೆ, ಫೋಟೊ ಇದೆ. ನೆಲದೊಳಗಿನ ಪೈಪಿಗೆ ಯಾರು ಹಾರ ಹಾಕುತ್ತಾರೆ? ಹೀಗಾಗಿ ಹಳೇ ಪೈಪಿನ ಮೇಲೆ ಹೊಸ ಕಾಂಕ್ರೀಟು ಬೀಳುತ್ತದೆ. ಹುಬ್ಬಳ್ಳಿಯದು ಬಹುಪಾಲು ಎರೆಮಣ್ಣು. ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಗೆಗೆ ಬಿರಿಯುತ್ತದೆ, ಒಳಗಿನ ಜಾಯಿಂಟುಗಳನ್ನು ಸಡಿಲಿಸುತ್ತದೆ. ಪೈಪು ಸೋರಿದರೆ ಕಾಂಕ್ರೀಟು ಕೊಯ್ಯಲೇಬೇಕು. ಕೊಯ್ದ ತಗ್ಗಿಗೆ ಅದೇ ಮಣ್ಣು ತುಂಬಿ, ಮೇಲೆರಡು ಬುಟ್ಟಿ ಕಡಿ ಚೆಲ್ಲಿ ಹೋದರೆ ಮೊದಲ ಮಳೆಗೇ ಅದು ಕುಸಿಯುತ್ತದೆ. ರೊಕ್ಕ ಯಾರ ಜೇಬಿಗೂ ಹೋಗಿಲ್ಲ ಎಂದು ನಾನು ಹೇಳುತ್ತಿಲ್ಲ; ಅಷ್ಟು ಧೈರ್ಯ ಯಾರಿಗಿದೆ? ಆದರೆ ಯಾರೂ ನಯಾಪೈಸೆ ತಿನ್ನದಿದ್ದರೂ, ಈ ಕ್ರಮದಲ್ಲಿ ಕೆಲಸ ನಡೆದರೆ ಒಂದೇ ರಸ್ತೆಗೆ ಎರಡು ಸಲ ಖರ್ಚು ಮಾಡಬೇಕಾಗುತ್ತದೆ.

ನೀರಿನ ವಿಷಯದಲ್ಲಂತೂ ಕಾಕಾನ ಜೊತೆ ವಾದ ಮಾಡಿ ಗೆದ್ದವರಿಲ್ಲ. 24 ತಾಸು ನೀರು ಬೇಕು, ಮೀಟರ್ ಬೇಡ. 2004ರಲ್ಲಿ ವಿಶ್ವಬ್ಯಾಂಕಿನ ಸಾಲ ಪಡೆದ ಯೋಜನೆಯೊಂದು ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವೇ ವಾರ್ಡುಗಳಲ್ಲಿ ನಿರಂತರ ನೀರು ಕೊಟ್ಟು ತೋರಿಸಿತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ನಮ್ಮವೇ ನಳಗಳ ನೀರು ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಸರದಿಯ ಮೇಲೆ ನೀರು ಬರುವ ಕಡೆ ಹೆಚ್ಚುಕಡಿಮೆ ಮೂರರಲ್ಲೊಂದು ಮಾದರಿಯಲ್ಲಿ ಇ. ಕೊಲೈ ಬ್ಯಾಕ್ಟೀರಿಯಾ ಇತ್ತು, ನಿರಂತರ ನೀರಿನ ಕಡೆ ಶೇ. 1ರಷ್ಟೂ ಇರಲಿಲ್ಲ. ಕಾರಣ ಸರಳ: ಖಾಲಿ ಪೈಪು ಬಿರುಕಿನಿಂದ ಗಟಾರದ ನೀರನ್ನು ಒಳಗೆಳೆಯುತ್ತದೆ, ತುಂಬಿದ ಪೈಪು ಎಳೆಯುವುದಿಲ್ಲ. “ಮಲಪ್ರಭಾದಾಗ ನೀರ ಇಲ್ಲ, 24 ತಾಸು ಎಲ್ಲಿಂದ ಬಿಡ್ತೀರಿ?” ಎಂಬ ಕಾಕಾನ ಆಕ್ಷೇಪಕ್ಕೆ ಉತ್ತರ ಕಾಕಾನ ಅಂಗಳದಲ್ಲೇ ಇದೆ. ನಾಲ್ಕೈದು ದಿನಕ್ಕೊಮ್ಮೆ ನಳ ಬಂದಾಗ ಅವರು ಮಾಡುವ ಮೊದಲ ಕೆಲಸ ಹೌದಿನಲ್ಲಿ ಉಳಿದ ‘ಹಳೇ ನೀರ’ನ್ನು ಹೊರಗೆ ಚೆಲ್ಲುವುದು. ಸದಾ ನಳ ಬರುತ್ತಿದ್ದರೆ ಕೂಡಿಡಬೇಕಿಲ್ಲ, ಹೀಗೆ ಚೆಲ್ಲಬೇಕಾಗಿಯೂ ಇಲ್ಲ. ಚೆಲ್ಲಿದ ನೀರು ಹರಿದು ನಿಲ್ಲುವುದು ಮನೆ ಮುಂದಿನ ಡಾಂಬರಿನ ಮೇಲೆ. ಡಾಂಬರಿಗೆ ನೀರಿನಷ್ಟು ದೊಡ್ಡ ವೈರಿ ಇನ್ನೊಬ್ಬರಿಲ್ಲ. ವಾರದೊಪ್ಪತ್ತಿನಲ್ಲಿ ಅಲ್ಲೇ ತಗ್ಗು ಬೀಳುತ್ತದೆ, ತಗ್ಗಿನ ಪಕ್ಕ ನಿಂತು ಕಾಕಾ ಕೇಳುತ್ತಾರೆ: ನಮ್ಮ ರೊಕ್ಕ ಎಲ್ಲಿ ಹೋತು?

ಮೀಟರ್ ಕೂಡಿಸಿದರೆ ನೀರು ಪೂರೈಕೆಯ ಗುತ್ತಿಗೆ ಹಿಡಿದ ಕಂಪನಿಯವರು ಸುಲಿಯುತ್ತಾರೆ ಎನ್ನುವ ಹೆದರಿಕೆಯನ್ನು ತಳ್ಳಿಹಾಕುವಂತಿಲ್ಲ, ಹೊರಗಿನವರ ಮೇಲೆ ಕಣ್ಣಿಡುವುದು ಒಳ್ಳೆಯದೇ. ಆದರೆ ದರ ಗೊತ್ತುಮಾಡುವುದು ಪಾಲಿಕೆ ಮತ್ತು ಸರ್ಕಾರ, ಜಗಳ ಅಲ್ಲಿ ಆಗಬೇಕು. ಬಡವರ ಗತಿಯೇನು ಎಂದೂ ಕಾಕಾ ಕೇಳುತ್ತಾರೆ, ಟುಲ್ಲು ಪಂಪಿನ ಸ್ವಿಚ್ಚು ಒತ್ತುತ್ತಲೇ. ನೀರಿನ ಹೌದು, ಸಿಂಟೆಕ್ಸು, ಮೋಟಾರು ಮೂರೂ ಇರುವ ಮನೆ ಸರದಿಯ ನೀರಿನಲ್ಲಿ ಹೇಗೋ ಬದುಕುತ್ತದೆ. ಎರಡು ಕೊಡ, ಒಂದು ಬ್ಯಾರಲ್ ಇರುವ ಮನೆಯ ಹೆಣ್ಣುಮಗಳು ನಳದ ದಾರಿ ಕಾಯುತ್ತ ಆ ದಿನದ ಕೂಲಿ ಬಿಡುತ್ತಾಳೆ. ಈ ಲೆಕ್ಕ ಯಾವ ಪಾವತಿಯಲ್ಲೂ ಬರುವುದಿಲ್ಲ.

2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಕೊಡಲು ಸಚಿವ ಸಂಪುಟ ಒಪ್ಪಿತು. 1962ರಿಂದ ಒಂದೇ ಪಾಲಿಕೆಯಲ್ಲಿ ಜೋಡಿಯಾಗಿದ್ದ ಎರಡೂ ಊರಿನ ಸಂಸಾರ. ಧಾರವಾಡದ ಕಾಕಾಗೆ ಕೊನೆಗೂ ಉತ್ತರ ಸಿಕ್ಕಿತು: ರೊಕ್ಕ ಹುಬ್ಬಳ್ಳಿಗೆ ಹೋತು. ಹುಬ್ಬಳ್ಳಿಯ ಕಾಕಾ ಇದನ್ನು ಒಪ್ಪುವುದಿಲ್ಲ. ಆದರೆ ಸವದತ್ತಿಯಿಂದ ಬಂದ ಮಲಪ್ರಭಾ ನದಿಯ ನೀರು ಅಮ್ಮಿನಬಾವಿಯಲ್ಲಿ ಶುದ್ಧವಾಗಿ ಎರಡೂ ಊರಿಗೆ ಹರಿಯುತ್ತದೆ. ಪಾಲಿಕೆ ಎರಡಾದರೂ ದೊಡ್ಡ ಲೈನಿನ ರಿಪೇರಿಗೆ ಇಬ್ಬರೂ ಕೂತು ಲೆಕ್ಕ ಮಾಡಲೇಬೇಕು.

ಇಷ್ಟೆಲ್ಲ ಬೈದರೂ, ಕಾಕಾ ಇಲ್ಲದ ಓಣಿಯನ್ನು ಊಹಿಸಿಕೊಂಡರೆ ಸ್ವಲ್ಪ ಕಸಿವಿಸಿಯಾಗುತ್ತದೆ. ಅವರ ಮಗ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಟ್ಯಾಂಕರ್ ನೀರಿಗೆ ಎಷ್ಟು ಕೇಳಿದರೂ ಮೊಬೈಲಿನಲ್ಲಿ ಕಟ್ಟಿ ಸುಮ್ಮನಾಗುತ್ತಾನೆ. ನಾವು ಉಳಿದವರು, ಇದನ್ನು ಬರೆಯುವವನೂ ಸೇರಿ, ಕಿಟಕಿಯಿಂದ ಜಗಳ ನೋಡಿ ಪರದೆ ಎಳೆಯುವವರು. ಬಿಸಿಲಿನಲ್ಲಿ ನಿಂತು ಕೇಳುವವರು ಅವರೊಬ್ಬರೇ. ಯಾವ ಫರಸಿಯ ಕೆಳಗೆ ವಾಲ್ವ್ ಇದೆ, ಯಾವ ಬೇವಿನ ಗಿಡದ ಬುಡದಲ್ಲಿ ಲೈನು ತಿರುಗುತ್ತದೆ ಎಂಬುದು ಅವರ ತಲೆಯಲ್ಲಿದೆ. ಹೊಸ ವಾಲ್ವ್‌ಮನ್ ಬಂದರೆ ಚಹಾ ಕುಡಿಸಿ, ಮೊಣಕಾಲು ಹಿಡಿದುಕೊಂಡೇ ನಡೆದು ಎಲ್ಲ ತೋರಿಸುತ್ತಾರೆ. ಗುತ್ತಿಗೆದಾರರೂ ಅವರನ್ನು ಹುಡುಕಿಕೊಂಡು ಬರುತ್ತಾರೆ, ಲೈನು ಒಡೆದ ಮೇಲೆ.