ಸಿಲಿಂಡರ್ ಕುಲುಕುವವರು

ಗ್ಯಾಸ್ ಮುಗಿಯುವುದು ಯಾವಾಗ ಅಂತ ಕೇಳಿ ನೋಡಿ, ಅಡುಗೆಮನೆಯಲ್ಲಿ ಯಾರೂ ತಡವರಿಸುವುದಿಲ್ಲ. ಹೂರಣ ರುಬ್ಬಿ, ಕಣಕ ನಾದಿ, ಬೀಗರು ಗೇಟು ತೆಗೆದ ಸದ್ದು ಕೇಳಿಸಿದ ಮೇಲೆ. ಅದಕ್ಕೆ ಮೊದಲು ಮುಗಿದದ್ದುಂಟೇ?

ಪಕ್ಕದ ಮನೆಯ ರಾಯರು ಸಿಲಿಂಡರನ್ನು ತಬ್ಬಿ ಕುಲುಕಿ, ಕಿವಿಗೊಟ್ಟು, "ಇನ್ನೂ ವಾರ ಬರುತ್ತೆ" ಎಂದು ತೀರ್ಪು ಕೊಡುತ್ತಾರೆ. ಅವರ ಮನೆಯವರ ಶಾಸ್ತ್ರವೇ ಬೇರೆ: "ಉರಿ ಜೋರಾಗೇ ಇದೆಯಲ್ರೀ, ಬೇಕಾದಷ್ಟಿರಬೇಕು." ರಾಯರ ಕುಲುಕಾಟಕ್ಕಾದರೂ ಅರ್ಥವಿದೆ, ಒಳಗೆ ಗುಳುಗುಳು ಅನ್ನುವುದು ನಿಜವಾಗಿಯೂ ದ್ರವ. ಉರಿ ನೋಡಿ ಲೆಕ್ಕ ಹಾಕುವುದು ಮಾತ್ರ ಶುದ್ಧ ಭ್ರಮೆ.

ಮುಚ್ಚಿದ ಪಾತ್ರೆಯಲ್ಲಿ ದ್ರವವೂ ಅದರ ಆವಿಯೂ ಒಟ್ಟಿಗಿದ್ದರೆ ಆವಿಯ ಒತ್ತಡ ನಿಂತಿರುವುದು ತಾಪಮಾನದ ಮೇಲೆ. ದ್ರವ ಹತ್ತು ಕೆ.ಜಿ. ಇದೆಯೋ ಒಂದು ಲೋಟ ಇದೆಯೋ, ಅದು ಕೇಳುವುದೇ ಇಲ್ಲ. ನೀವು ಆವಿ ಎಳೆದುಕೊಂಡಷ್ಟೂ ಕೆಳಗಿನ ದ್ರವ ಕುದಿದು ಜಾಗ ತುಂಬುತ್ತದೆ. ಸಿಲಿಂಡರಿನೊಳಗಿನ ಮಿಶ್ರಣದಲ್ಲಿ ಪ್ರೊಪೇನ್ ಮುಂಚೆ ಹೊರಟು ಬ್ಯೂಟೇನ್ ಉಳಿದಂತೆ ಒತ್ತಡ ಕೊಂಚ ಇಳಿಯುವುದುಂಟು, ಆದರೆ ಅದು ಒಲೆಗೆ ಗೊತ್ತಾಗದಂತೆ ರೆಗ್ಯುಲೇಟರ್ ಮುಚ್ಚಿಡುತ್ತದೆ. ಹೀಗಾಗಿ ಕೊನೇ ಘಳಿಗೆಯವರೆಗೂ ಉರಿಯ ಗತ್ತು ಕಡಿಮೆಯಾಗುವುದಿಲ್ಲ.

ಮೂವತ್ತಮೂರು ಲೀಟರಿನ ಆ ಕೆಂಪು ಡ್ರಮ್ಮಿನಲ್ಲಿ 14.2 ಕೆ.ಜಿ. ಹಿಡಿಸುವುದೂ ಅದು ದ್ರವವಾಗಿರುವುದರಿಂದಲೇ. ಅಷ್ಟನ್ನೂ ಆವಿ ಮಾಡಿ ಹೊರಗೆ ಬಿಟ್ಟರೆ ಸುಮಾರು 7,000 ಲೀಟರ್, ಒಂದು ಬಚ್ಚಲುಮನೆ ಭರ್ತಿ! ಶಾಲೆಯಲ್ಲಿ ನಾವು ಉರು ಹೊಡೆದ 'ಆದರ್ಶ ಅನಿಲ'ವನ್ನು ಎಷ್ಟು ಒತ್ತಿದರೂ ದ್ರವವಾಗುವುದಿಲ್ಲ, ಏಕೆಂದರೆ ಅದರ ಅಣುಗಳಿಗೆ ಪರಸ್ಪರ ಸೆಳೆತವೇ ಇಲ್ಲ. ಆದರ್ಶವನ್ನು ನಂಬಿ ಒಲೆ ಹಚ್ಚಲಾದೀತೇ? ನಿಜವಾದ ಅಣುಗಳು ಜಾಗ ಹಿಡಿಯುತ್ತವೆ, ಒಂದನ್ನೊಂದು ಸೆಳೆಯುತ್ತವೆ ಎಂದು 1873ರಲ್ಲಿ ಪ್ರಬಂಧ ಬರೆದ ಡಚ್ಚರ ವಾನ್ ಡರ್ ವಾಲ್ಸ್ ಬಡಗಿಯ ಮಗ, ಶಾಲಾ ಮೇಷ್ಟ್ರು. 1910ರಲ್ಲಿ ನೊಬೆಲ್ ಬಂತು. ಮೇಷ್ಟ್ರುಗಳ ಅರಿಯರ್ಸ್ ಅಲ್ಲೂ ತಡವೇ ನೋಡಿ.

ಈ ಸೆಳೆತದಲ್ಲೂ ತರತಮವಿದೆ. ನೀರಿನ ಅಣುವಿನ ತೂಕ 18, ಪ್ರೊಪೇನಿನದು 44. ಹಗುರಾದ ನೀರೇ ಮೊದಲು ಹಾರಬೇಕಿತ್ತಲ್ಲವೇ? ಆದರೆ ನೀರು ಕುದಿಯಲು 100 ಡಿಗ್ರಿ ಬೇಕು, ಪ್ರೊಪೇನ್ ಮೈನಸ್ 42ರಲ್ಲೇ ಎದ್ದು ಹೊರಡುತ್ತದೆ. ನೀರಿನ ಅಣುಗಳು "ಬರ್ತೀವಿ" ಎಂದು ಹೇಳಿದ ಮೇಲೂ ಹೊಸಿಲಲ್ಲಿ ಮುಕ್ಕಾಲು ಗಂಟೆ ಕೈ ಹಿಡಿದು ನಿಲ್ಲುವ ನೆಂಟರು. ಆ ಹಿಡಿತಕ್ಕೆ ಹೈಡ್ರೋಜನ್ ಬಂಧ ಅಂತ ಹೆಸರು. ಪ್ರೊಪೇನ್‌ಗೆ ಅಂಥ ಬಂಧವಿಲ್ಲ. ಎಲೆಕ್ಟ್ರಾನುಗಳ ಕ್ಷಣಿಕ ಹೊಯ್ದಾಟದಿಂದ ಹುಟ್ಟುವ ದುರ್ಬಲ ಸೆಳೆತವಷ್ಟೇ ಅದರ ಪಾಲಿಗೆ. ಬ್ಯೂಟೇನ್ ಸ್ವಲ್ಪ ಉದ್ದ, ಸ್ವಲ್ಪ ಹೆಚ್ಚು ಅಂಟು: ಕುದಿಯುವುದು ಮೈನಸ್ ಅರ್ಧ ಡಿಗ್ರಿಯಲ್ಲಿ. ಲೇಹ್‌ನ ಚಳಿಗಾಲಕ್ಕೆ ಬರೀ ಬ್ಯೂಟೇನ್ ಕಳಿಸಿದರೆ ಚಹಾದ ಆಸೆ ಬಿಡಬೇಕಾದೀತು.

ಕುದಿಯಲು ಶಾಖ ಬೇಕು, ಅದನ್ನು ದ್ರವ ತನ್ನ ಮೈಯಿಂದಲೇ ಕೀಳುತ್ತದೆ. ಮದುವೆಮನೆಯ ಭಟ್ಟರು ದೊಡ್ಡ ಒಲೆ ಹೊತ್ತಿಸಿದಾಗ ಸಿಲಿಂಡರ್ ಬೆವರುವುದು, ಉರಿ ಸೊರಗುವುದು ಇದಕ್ಕೇ. ಖಾಲಿಯಾಯಿತೆಂದು ಬೈಯಬೇಡಿ, ಪಾಪ, ಚಳಿ ಹಿಡಿದಿರುತ್ತದೆ. ಕೊನೇ ಹನಿಯ ಆಸೆಗೆ ಅದನ್ನು ಅಡ್ಡ ಮಲಗಿಸುವ ಶೂರರಿಗೆ ಮಾತ್ರ ಕೈಮುಗಿಯುತ್ತೇನೆ. ಆವಿಯ ಬದಲು ದ್ರವವೇ ಪೈಪಿಗೆ ನುಗ್ಗುತ್ತದೆ, ದಯವಿಟ್ಟು ಬೇಡ.

ಕುಲುಕುವ ಬದಲು ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ. ದ್ರವವಿರುವಷ್ಟು ಭಾಗ ತಂಪಾಗಿದ್ದು ತಡವಾಗಿ ಒಣಗುತ್ತದೆ, ಮೇಲಿನದು ಬೇಗ. ಇನ್ನೂ ನಿಖರ ಬೇಕೇ? ಖಾಲಿ ಸಿಲಿಂಡರಿನ ತೂಕ ಅದರ ಕತ್ತಿನ ಬಳಿಯೇ ಬರೆದಿರುತ್ತದೆ, ತೂಗಿ ಕಳೆದರಾಯಿತು. ಎರಡು ಸಿಲಿಂಡರ್ ಇಟ್ಟುಕೊಂಡವರಿಗೆ ಇದ್ಯಾವುದೂ ಬೇಕಿಲ್ಲ. ಅದನ್ನು ಮೊದಲೇ ಹೇಳಿದ್ದರೆ ನೀವು ಇಲ್ಲಿಯವರೆಗೆ ಓದುತ್ತಿದ್ದಿರಾ?